ಒಪ್ಪಿಸುವ ಪುಸ್ತಕದಲ್ಲಿ ಬರೆಯದ್ದು

ಇಲಿಂಕಾ,
ಪುಸ್ತಕದಲ್ಲಿ ಬರೆದಿದ್ದೇನೆ:
ರಾತ್ರಿ ಎರಡೂ ನಲವತ್ತಕ್ಕೆ ಹಾಲು, ನೂರೆಂಬತ್ತು ಮಿಲಿ.
ಎಡಗಿವಿಯ ಹಿಂದೆ ಕೆಂಪು ಗಂದೆ, ಮುಲಾಮು ಹಚ್ಚಿದೆ.
ಬಟಾಣಿ ಉಗುಳಿದ. ಕಕ್ಕ ಎರಡು ಸಲ.
ನೀಲಿ ಮೊಲವನ್ನು ತೊಳೆದು ಹಾಕಿದ್ದೇನೆ, ಸಂಜೆಯೊಳಗೆ ಒಣಗದಿದ್ದರೆ
ನಿನಗೆ ಜಾಗರಣೆ.

ಬರೆಯದ್ದು ಇದು.

ಹದಿನಾಲ್ಕು ದಿನ ನೀನು, ಹದಿನಾಲ್ಕು ದಿನ ನಾನು.
ಭಾನುವಾರ ಹನ್ನೆರಡಕ್ಕೆ ಹಾಲೆಂಡ್ ಪಾರ್ಕಿನ ಈ ಮನೆಯ
ಪಕ್ಕದ ಬಾಗಿಲಲ್ಲಿ ಇಪ್ಪತ್ತು ನಿಮಿಷ.
ಹನ್ನೊಂದು ತಿಂಗಳಲ್ಲಿ ನಾವಿಬ್ಬರೂ ಮಾತಾಡಿದ್ದು
ಒಟ್ಟು ಎಂಟು ಗಂಟೆ. ಲೆಕ್ಕ ಹಾಕಿದ್ದೇನೆ.
ಆದರೂ ನಿನ್ನ ತಲೆಯ ಅಳತೆ ನನಗೆ ಗೊತ್ತು.
ಇಲ್ಲಿ ಹೊದಿಕೆ ಬದಲಿಸುತ್ತಾರೆ,
ದಿಂಬಿನ ತಗ್ಗು ಹಾಗೇ ಇರುತ್ತದೆ.
ನೀನು ಗೋಡೆಗೆ ಮುಖ ಮಾಡಿ ಮಲಗುವವಳು.

ಕೆಲಸಕ್ಕೆ ಆರಿಸುವಾಗ ಏಜೆನ್ಸಿಯ ಹೆಂಗಸು ಕೇಳಿದಳು,
ಈಜು ಬರುತ್ತದೆಯೇ, ಪಾಸ್‌ಪೋರ್ಟಿಗೆ ಇನ್ನೆಷ್ಟು ವರ್ಷ,
ಗಂಟಲಲ್ಲಿ ದ್ರಾಕ್ಷಿ ಸಿಕ್ಕಿದ ಮಗುವಿನ ಬೆನ್ನಿಗೆ ಎಷ್ಟು ಗುದ್ದು,
ಸ್ವಂತ ಮಕ್ಕಳು?
ಒಬ್ಬಳು, ಒಂಬತ್ತು ವರ್ಷ,
ಬುಲವಾಯೊದಲ್ಲಿ ತಂಗಿಯ ಮನೆಯಲ್ಲಿದ್ದಾಳೆ, ಅಂದೆ.
ಒಳ್ಳೆಯದು, ಎಂದು ಬರೆದುಕೊಂಡಳು.
ಏನು ಒಳ್ಳೆಯದು ಎಂದು ನಾನು ಕೇಳಲಿಲ್ಲ.

ಬಿಡುವಿನ ದಿನಗಳು ಕ್ರಾಯ್ಡನ್‌ನಲ್ಲಿ,
ಕರಿದ ಮೀನಿನ ಅಂಗಡಿಯ ಮೇಲಿನ ಕೋಣೆ.
ಎರಡೂ ನಲವತ್ತಕ್ಕೆ ಎಚ್ಚರ. ಕೈ ತಾನಾಗಿ ಬಾಟಲಿ ತಡಕುತ್ತದೆ.
ಅಳುವವರಿಲ್ಲ. ಫ್ರಿಜ್ಜು ಗುಂಯ್‌ಗುಡುತ್ತದೆ.
ಥೇಮ್ಸಿನ ಆಚೆ ದಡದಲ್ಲಿ ನೀನು ಹಾಲಿನ ಬಿಸಿಯನ್ನು
ಮಣಿಕಟ್ಟಿನ ಮೇಲೆ ಒಂದು ಹನಿ ಬಿಟ್ಟು ನೋಡುತ್ತಿರುತ್ತೀ.
ಈಚೆ ನಾನು ನನ್ನ ಮಣಿಕಟ್ಟು ಒರೆಸಿಕೊಳ್ಳುತ್ತೇನೆ.
ಬೆಳಗಾದ ಮೇಲೆ ಲಿಂದೆಲ್ವಾಗೆ ಫೋನು ಮಾಡಿದರೆ,
ಅಮ್ಮಾ, ಯಾಕೆ ಪಿಸುಗುಡುತ್ತೀ,
ಇಲ್ಲಿ ಯಾರೂ ಮಲಗಿಲ್ಲ, ಅನ್ನುತ್ತಾಳೆ.

ನೀರಿಗೆ ಕ್ಯಾಸ್ಪರ್ ನಿನ್ನ ಪಾಳಿಯಲ್ಲಿ 'ಆಪಾ' ಅನ್ನುತ್ತಾನೆ,
ನನ್ನ ಪಾಳಿಯಲ್ಲಿ 'ಮಾಂಜಿ'.
ಅವನ ತಾಯಿಗೆ ಎರಡೂ ತೊದಲು.
ಮುದ್ದಿನಿಂದ ನಗುತ್ತಾಳೆ, ನೀರು ಕೊಡುವುದಿಲ್ಲ.
ಕೆಟ್ಟವಳಲ್ಲ. ರಾತ್ರಿ ಹತ್ತಕ್ಕೆ ಕೋರ್ಟಿನ ಕಾಗದ ಕಂಕುಳಲ್ಲಿ,
ಷೂ ಕೈಯಲ್ಲಿ, ಹೊಸ್ತಿಲಲ್ಲೇ ನಿಂತು
ಬರಬಹುದೇ ಎಂದು ನನ್ನನ್ನು ಕೇಳುತ್ತಾಳೆ.

ಈ ಮನೆಯ ಕಾನೂನು ನಿನಗೂ ಗೊತ್ತು, ಯಾರೂ ಹೇಳಿಲ್ಲ:
ಮೊದಲನೆಯದು ಯಾವುದೂ ನಮ್ಮದಲ್ಲ.
ಮೊದಲ ಹಲ್ಲು ಬೆರಳಿಗೆ ತಾಗಿದರೂ
ತಾಗಲಿಲ್ಲವೆಂಬಂತೆ ಶನಿವಾರದವರೆಗೆ ಕಾಯಬೇಕು.

ನಿನ್ನ ಗುರುವಾರದ ಪುಟದಲ್ಲಿ ಪೆನ್ಸಿಲಿನ ಒಂದು ಸಾಲು,
ರಬ್ಬರಿನಿಂದ ಅಳಿಸಿದ್ದು.
ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದೆ.
ಕಾಗದದಲ್ಲಿ ತಗ್ಗು ಉಳಿದಿತ್ತು:
ನಾಲ್ಕು ಹೆಜ್ಜೆ, ಸೋಫಾದಿಂದ ನನ್ನ ತನಕ.

ನನಗೆ ಹೊಟ್ಟೆಕಿಚ್ಚಾಯಿತು ಇಲಿಂಕಾ, ಮುಚ್ಚಿಟ್ಟೇನು ಫಲ?
ಆಮೇಲೆ ನಾನೇನು ಮಾಡಿದೆ ಗೊತ್ತೇ,
ದೊಡ್ಡ ಟವಲಿನಲ್ಲಿ ಅವನನ್ನು ಬೆನ್ನಿಗೆ ಕಟ್ಟಿದೆ,
ನಮ್ಮೂರಲ್ಲಿ ಕಟ್ಟುವ ಹಾಗೆ.
ಆರು ದಿನ ನೆಲಕ್ಕೆ ಬಿಡಲಿಲ್ಲ.
ಬೆನ್ನ ಮೇಲೆ ಅವನ ಪಾದಗಳು ಒದೆಯುತ್ತಿದ್ದವು,
ನನ್ನ ಪಕ್ಕೆಲುಬೇ ನೆಲವೆಂದು.

ಶನಿವಾರ ಬಿಟ್ಟೆ. ತಾಯಿ ಮಂಡಿಯೂರಿದ್ದಳು.
ಏಳು ಹೆಜ್ಜೆ ನಡೆದ. ಆಕೆ ಕಿರುಚಿದಳು.
ನಾನೂ ಕಿರುಚಿದೆ, ಮತ್ತು ಅದು ನಟನೆಯಾಗಿರಲಿಲ್ಲ.

ಆ ರಾತ್ರಿ ನಿದ್ದೆ ಬರಲಿಲ್ಲ.
ಎಂಟು ವರ್ಷದ ಕೆಳಗೆ ನನ್ನ ತಂಗಿ ಫೋನು ಹಿಡಿದು,
ಅಕ್ಕಾ, ನೋಡು ನೋಡು, ಈಗ ತಾನೇ ಶುರು ಮಾಡಿದಳು,
ಎಂದು ಲಿಂದೆಲ್ವಾಳನ್ನು ತೋರಿಸಿದ್ದಳು.
ಮಗು ಒಮ್ಮೆಯೂ ತೂರಾಡಲಿಲ್ಲ,
ಬಾಗಿಲ ತನಕ ಹೋಗಿ, ತಿರುಗಿ, ಸಲೀಸಾಗಿ ಬಂದಳು.
ಈಗ ಅನುಮಾನ.
ಕೇಳಬಾರದು ಎಂದುಕೊಂಡಿದ್ದೇನೆ.

ನಿನ್ನ ಪೆಟ್ಟಿಗೆಯ ಚಕ್ರದ ಸದ್ದು ಕಲ್ಲುಹಾಸಿನ ಮೇಲೆ ಬರುತ್ತಿದೆ.
ನಾವಿಬ್ಬರೂ ಗಂದೆಯ ಮಾತಾಡೋಣ, ಹಾಲಿನ ಮಾತಾಡೋಣ.
ಮೊಲದ ಒಂದು ಕಿವಿ ಇನ್ನೂ ಒದ್ದೆ,
ನೋಡಿಕೋ.