ಕೊನೆಯ ಸಾಲು

ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು
ಕಣ್ಣು ಮುಚ್ಚಿದಳು ಗುವಾನ್ ಅಜ್ಜಿ.
ನಾಲಗೆ ತೋರಿಸು, ಅಂದಳು. ತೋರಿಸಿದೆ.
ಒಳಗೆ ಚಳಿ ಕೂತಿದೆ. ಎಲ್ಲಿ ಕೆಲಸ?
ದಾಲ್ಯನ್ ಬಂದರು, ಮೀನಿನ ಶೆಡ್ಡು,
ಮೊಣಕೈವರೆಗೆ ಮಂಜುಗಡ್ಡೆ.
ಆ ದಿನಗಳಲ್ಲೂ?
ಆ ದಿನಗಳಲ್ಲೂ.

ಗೋಡೆ ತುಂಬ ಪುಟ್ಟ ಖಾನೆಗಳು.
ಎಳೆದಳು, ಮೂಸಿದಳು, ತೂಗಿದಳು:
ಯಾವುದೋ ಬೇರು, ದಾಲ್ಚಿನ್ನಿ, ಒಣಶುಂಠಿ,
ಹೊಕ್ಕುಳ ಕೆಳಗೆ ಕಾವು ಕೊಡಲು ಮಾಚಿಪತ್ರೆಯ ಬತ್ತಿ.
ಚೀಟಿಯ ಬುಡದಲ್ಲಿ, ತಡೆದು, ಒಂದು ಸಾಲು ಗೀಚಿದಳು:
ತಿಂಗಳಿಗೆರಡು ದಿನ ಮಂಜು ಮುಟ್ಟಕೂಡದು.

ಕಷಾಯ ಕಹಿ. ಕುಡಿದೆ.
ಸೊಂಟದ ಗಂಟು ಒಂದೆಳೆ ಸಡಿಲಿತು.

ಈಗ ಮೇಸ್ತ್ರಿ ಚೀಟಿ ಓದುತ್ತಿದ್ದಾನೆ,
ಕೊನೆಯ ಸಾಲಿಗೆ ಬಂದು
ಕಿವಿ ಕೆಂಪಾಗಿ, ಸಮುದ್ರದ ಕಡೆ ನೋಡುತ್ತಾನೆ.
ಬೆಲ್ಲು ಹೊಡೆಯಿತು.
ಒಂದು ಕೈಗವಸು ತೊಟ್ಟು
ಇನ್ನೊಂದನ್ನು ಹಿಡಿದೇ ನಿಂತಿದ್ದೇನೆ.