ಐದನೆಯ ಹೆಸರು

ಐದು ಹೆಸರಿಲ್ಲದೆ ಲೀಗಿನವರು ತಂಡ ಅನ್ನುವುದಿಲ್ಲವಂತೆ.
ವರ್ನಾ ಹೈಕ್ಕಿಲಾ, ಊರ ಹಿಮ ತಳ್ಳುವ ಲಾರಿಯವಳು,
ಬಾರಿನ ಒದ್ದೆ ಕಟ್ಟೆಯ ಮೇಲೆ ಅರ್ಜಿ ಚಾಚಿ ಅಂದಳು:
"ಬರಿ. ಆಡುವುದೇನೂ ಬೇಡ."
ಇಪ್ಪತ್ತೈದು ಡಾಲರು ಕೊಟ್ಟು
ಲೆಕ್ಕಕ್ಕುಂಟು ಆಟಕ್ಕಿಲ್ಲದವನಾದೆ.

ಡುಲೂತ್‌ನ ಮಂಗಳವಾರಗಳು. ಹೊರಗೆ ಬಂದರು
ಹಡಗುಗಳ ಸಮೇತ ಹೆಪ್ಪುಗಟ್ಟಿತು.
ಒಳಗೆ ನಾನು ಅಂಕ ಬರೆದೆ, ಕೋಟು ಕಾದೆ,
ಕರಿದ ಚೀಸಿನ ತಟ್ಟೆ ಖಾಲಿ ಮಾಡಿದೆ.
ಯಾರದೋ ಚೆಂಡು ಗುಳಿಯ ತುಟಿಯಲ್ಲಿ ನಿಂತರೆ
ನನ್ನ ಉಸಿರೂ ಅಲ್ಲೇ ನಿಲ್ಲಲು ಕಲಿಯಿತು.

ಫೆಬ್ರವರಿಯಲ್ಲಿ ಮರ್ಲ್‌ನ ಸೊಂಟ ಹಿಡಿಯಿತು.
ವರ್ನಾ ಏನೂ ಅನ್ನಲಿಲ್ಲ. ಗೋಡೆಗೊರಗಿದ್ದ ಕೋಲುಗಳಲ್ಲಿ
ಇದ್ದುದರಲ್ಲೇ ನೆಟ್ಟಗಿದ್ದುದನ್ನು ನನ್ನ ಕೈಗಿಟ್ಟಳು.

ಎದುರಾಳಿ ಗಾರ್ಥ್, ಹಲ್ಲಿನ ಡಾಕ್ಟರು.
ಪೆಟ್ಟಿಗೆ ತೆರೆದು ತನ್ನ ಕೋಲನ್ನು ತಿರುಪಿ ತಿರುಪಿ ಜೋಡಿಸುತ್ತಾನೆ.
ಅವನು ಆರು ಗೆಲ್ಲಬೇಕು, ಹೊಸಬ ನಾನು ಎರಡೇ.
ಒಂದನ್ನು ಹೇಗೋ ಗೆದ್ದೆ, ಕೇಳಬೇಡಿ.
ಐದನ್ನು ಅವನು ಗೆದ್ದ, ನೋಡುತ್ತ ಕೂತೆ.

ಕೊನೆಗೆ ಕರಿ ಎಂಟು, ಮೂಲೆಗೆ ಒಂದೇ ಗೇಣು.
ಚಾಕ್ ಉಜ್ಜಿದೆ, ಉಜ್ಜಿದೆ, ಬೆರಳೆಲ್ಲ ನೀಲಿ.
ಬಿತ್ತು.
ಅದರ ಹಿಂದೆಯೇ ಬಿಳಿಯದೂ
ಅಕ್ಕನ ಲಂಗ ಹಿಡಿದ ತಮ್ಮನ ಹಾಗೆ
ಅವಸರವಿಲ್ಲದೆ, ಅದೇ ಗುಳಿಗೆ.

ಹಾಗೆ ಬಿದ್ದರೆ ಆಟ ಅವರದು.
ಗಾರ್ಥ್ ಕೈ ಕುಲುಕಿದ. ಪಾಪ ಅನ್ನಲಿಲ್ಲ, ಒಳ್ಳೆಯವನು.
ವರ್ನಾ ಅಂಕಪಟ್ಟಿಯನ್ನು ನನ್ನಿಂದ ಕಸಿದು
ನನ್ನ ಹೆಸರಿನ ಮುಂದೆ ಒಂದು ಎಂದು ಒತ್ತಿ ಬರೆದಳು,
ಪೆನ್ನು ಕಾಗದ ತೂತು ಮಾಡುವ ಹಾಗೆ.

ಮುಂದಿನ ವಾರ ಎಷ್ಟು ಹೊತ್ತಿಗೆ ಬರಲಿ ಅಂತ ಕೇಳಿದೆ,
ನಾಲ್ಕು ತಿಂಗಳಿಂದ ಬರುತ್ತಿದ್ದವನು.