ಮಣಿಕಟ್ಟು

ಬೆಳಗಿನ ಆರೂವರೆಗೆ ಹನುಮಂತನಗರದ ಲ್ಯಾಬಿನಲ್ಲಿ
ಖಾಲಿ ಹೊಟ್ಟೆಯ ಇಪ್ಪತ್ತು ಜನ ಆಕಳಿಸುತ್ತ ಕೂತಿರುತ್ತಾರೆ.
ಒಬ್ಬೊಬ್ಬರದೂ ನರ ಹುಡುಕಿ, ಸ್ಪಿರಿಟ್ಟಿನ ಹತ್ತಿ ಒರೆಸಿ,
"ಮುಷ್ಟಿ ಹಿಡೀರಿ, ಆಯ್ತು, ಆಯ್ತು, ಬಿಡಿ"
ಇಪ್ಪತ್ತಾರು ವರ್ಷದಿಂದ ಸೂಜಿಯೇ ನನಗೆ ಅನ್ನ.

ಶನಿವಾರ ಮಧ್ಯಾಹ್ನದ್ದು ಮಾತ್ರ ಬೇರೆ ಸೂಜಿ.

ಚಿಕ್ಕಪೇಟೆಯಲ್ಲಿ ಮೆಟ್ರೋ ಇಳಿದು ಮೇಲೆ ಬಂದರೆ
ಕೈಗಾಡಿ, ಸ್ಕೂಟರು, ತಲೆಯ ಮೇಲೆ ಬಟ್ಟೆಯ ಥಾನು.
ಎಲ್ಲದಕ್ಕೂ ದಾರಿ ಬಿಟ್ಟು, ಯಾವುದಕ್ಕೂ ಬಿಡದೆ,
ರಾಜಾ ಮಾರ್ಕೆಟ್ಟಿಗೆ ನುಸುಳುತ್ತೇನೆ.
ಪಾರಸ್‌ಮಲ್‌ನ ಅಂಗಡಿ ಒಂದು ಬಾಗಿಲಷ್ಟು ಅಗಲ;
ಉದ್ದ ಎಷ್ಟೆಂದು ನನಗಿನ್ನೂ ಗೊತ್ತಿಲ್ಲ.
ಒಳಗೆ ಹೋದವನು ಹೊರಗೆ ಬರುವಷ್ಟರಲ್ಲಿ
ತಂದ ದುಡ್ಡಿನ ಲೆಕ್ಕ ನನಗೆ ಮರೆತಿರುತ್ತದೆ.

ಸಾಸಿವೆ ಮಣಿ, ರಾಗಿ ಮಣಿ, ಜೀರಿಗೆಯಂಥ ಗಾಜಿನ ಕೊಳವೆ,
ಅಡುಗೆಮನೆಯ ಡಬ್ಬಿಗಳು ಇಲ್ಲಿಗೆ ಬಂದು
ಬಣ್ಣ ಹಚ್ಚಿಕೊಂಡಂತೆ.
"ಕೈ ಹಾಕಬಹುದಾ?" ಅಂತ ಮೊದಲ ಸಲ ಕೇಳಿದ್ದೆ.
ಈಗ ಕೇಳುವುದಿಲ್ಲ. ಮಣಿಕಟ್ಟಿನವರೆಗೂ
ನೀಲಿ ಡಬ್ಬದೊಳಗೆ ಇಳಿಸುತ್ತೇನೆ.
ತಣ್ಣಗೆ ಚುರುಚುರು ಅನ್ನುತ್ತದೆ. ಮಣಿಕಟ್ಟು!
ದಿನಕ್ಕೆ ಇಪ್ಪತ್ತು ಸಲ ಹಿಡಿಯುವ ಜಾಗದ ಹೆಸರಲ್ಲೇ
ಮಣಿ ಕೂತಿದೆ, ಇಷ್ಟು ವರ್ಷ ನೋಡಿರಲಿಲ್ಲ.

"ಕಪ್ಪು ಎಷ್ಟು ಮೇಡಂ, ನೂರು ಗ್ರಾಂ?"
"ಮೂವತ್ತು ಕೊಡಿ."
"ಮೂವತ್ತರಲ್ಲಿ ಏನು ಬರತ್ತೆ, ಇರುವೆ ಬರತ್ತೆ."

ಇರುವೆಯೇ ಬರಲಿ ಅಂದುಕೊಂಡೆ, ಮೆಟ್ರೋದಲ್ಲಿ ನಿಂತು.

ಲ್ಯಾಬನ್ನು ದೊಡ್ಡ ಕಂಪನಿ ಕೊಂಡ ಮೇಲೆ
ಹೊಸ ಕೋಟು ಬಂದಿದೆ, ಬೆನ್ನ ತುಂಬ ಅಕ್ಷರ,
ಈರುಳ್ಳಿ ಸಿಪ್ಪೆಯಂಥ ಬಟ್ಟೆ.
ಹಳೆಯದು ಗವಿಪುರದ ಸಿದ್ದೋಜಿ ಹೊಲಿದ ಕಾಟನ್ನು,
ಟಿಫಿನ್ ಡಬ್ಬಿ ಹಿಡಿಯುವ ಜೇಬು,
ಎದೆಯ ಮೇಲೆ ಅಯೋಡಿನ್ ಚೆಲ್ಲಿದ ಕಲೆ.
ಯಾವ ಸೋಪಿಗೂ ಬಗ್ಗದ, ಥೇಟು ಬೆಲ್ಲದ ಬಣ್ಣದ ಕಲೆ.
"ನೆಲ ಒರೆಸೋಕೆ ಇಟ್ಕೊಳ್ಳಿ" ಅಂದಿದ್ದರು. ಮನೆಗೆ ತಂದೆ.

ಕಾಲರು ಬಿಚ್ಚಿದೆ. ತೋಳು ಮೊಳಕೈಗೆ ಕತ್ತರಿಸಿದೆ.
ಅತ್ತಿಗೆಯ ಹರಿದ ಇಳಕಲ್ ಸೆರಗು ಒಳಗೆ ಅಸ್ತರಾಯಿತು;
ನಡೆದಾಗಷ್ಟೇ ಚೂರು ಕೆಂಪು ಕಾಣಬೇಕು.
ಆಮೇಲೆ ಇರುವೆ: ಮೂರು ಮಣಿಗೆ ಒಂದು ಮೈ,
ದಾರದ ಮೂರು ಎಳೆಗೆ ಆರು ಕಾಲು.
ಜೇಬಿನಿಂದ ಹೊರಟು, ಗುಂಡಿ ಬಳಸಿ, ಸಾಲು ಸಾಲು
ಬೆಲ್ಲದ ಕಲೆಯ ಕಡೆಗೆ.
ನರ ಒಂದೇ ಏಟಿಗೆ ಸಿಗುವ ಈ ಕೈಗೆ
ಮಣಿಯ ಕಣ್ಣು ಸಿಗಲಿಲ್ಲ; ಕನ್ನಡಕದ ಮೇಲೆ ಕನ್ನಡಕ ಹಾಕಿದೆ.
ಏಳನೆಯದಕ್ಕೆ ಐದೇ ಕಾಲು ಬಂತು.
ಬಿಚ್ಚಲಿಲ್ಲ. ಅದೂ ನಡೆಯಲಿ.

ಒಂದು ರಾತ್ರಿ ತಟ್ಟೆ ಮಗುಚಿತು.
ಒದ್ದೆ ಬೆರಳಲ್ಲಿ ಒಂದೊಂದೇ ಹೆಕ್ಕಿದರೂ
ಪೊರಕೆಯಲ್ಲಿ, ಬೀರುವಿನಡಿ, ಕೊನೆಗೆ ಚಪಾತಿ ಹಿಟ್ಟಿನಲ್ಲಿ
ಇನ್ನೂ ಸಿಗುತ್ತಿವೆ.

ಭಾನುವಾರ ಅದನ್ನೇ ತೊಟ್ಟು ಗಾಂಧಿಬಜಾರಿಗೆ ಹೋದೆ.
ಎದುರಿಗೇ ಚನ್ನಕೇಶವಯ್ಯ, ಫಾಸ್ಟಿಂಗ್ ನೂರ ತೊಂಬತ್ತು,
ಕೈಯಲ್ಲಿ ಎಣ್ಣೆ ಜಿನುಗುವ ಜಿಲೇಬಿ ಪೊಟ್ಟಣ.
ನನ್ನನ್ನು ನೋಡಿದರು. ಇರುವೆಗಳನ್ನು ನೋಡಿದರು.
ಪೊಟ್ಟಣ ನಿಧಾನಕ್ಕೆ ಬೆನ್ನ ಹಿಂದೆ ಹೋಯಿತು.
"ಮೊಮ್ಮಗಳಿಗಮ್ಮಾ" ಅಂದರು.
ನಾನೇನೂ ಕೇಳಿರಲಿಲ್ಲ.

ಸೋಮವಾರ ಮತ್ತೆ ಆರೂವರೆ, ಮತ್ತೆ ಅಕ್ಷರದ ಕೋಟು.
ಆದರೆ ಬಲಗೈ ತೋಳಿನ ಒಳಮಡಿಕೆಯಲ್ಲಿ,
ಮ್ಯಾನೇಜರಿಗೆ ಕಾಣದ ಕಡೆ, ಒಂದು ಹೊಲಿದಿದ್ದೇನೆ.
ಡೆಂಗಿ ಅನುಮಾನದ ಪುಟ್ಟ ಹುಡುಗಿ,
ಅಳಲು ಬಾಯಿ ತೆರೆದವಳು, "ಆಂಟೀ, ಇರುವೆ!"
"ಎಲ್ಲಿ? ಎಲ್ಲಿ?" ಅನ್ನುತ್ತ
ನಾನು ನರ ಹುಡುಕಿಕೊಂಡೆ.